ಕೆಲಸದ ಪಟ್ಟಿ, ಕಿರುಪ್ರಾರ್ಥನೆ, ಒಂದು ಚುಕ್ಕೆ: ದಿನವನ್ನು ಕಟ್ಟುವ ಕ್ರಮ

ಪ್ರಾರ್ಥನೆಗೆ ಬಿಡುವೇ ಸಿಗುವುದಿಲ್ಲ ಎನ್ನುವವರ ದಿನಚರಿ ಪುಸ್ತಕ ತೆರೆದರೆ ಪ್ರಾರ್ಥನೆ ಕೊನೆಯ ಸಾಲಿನಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಎಲ್ಲ ಮುಗಿದ ಮೇಲೆ ಮಾಡೋಣ ಎಂದು ಎತ್ತಿಟ್ಟದ್ದು, ಎಲ್ಲವೂ ಎಂದೂ ಮುಗಿಯದ ಕಾರಣ ಹಾಗೆಯೇ ಉಳಿಯುತ್ತದೆ. ಕಥೋಲಿಕ ಸಂಪ್ರದಾಯ ಇದಕ್ಕೆ ಕಂಡುಕೊಂಡ ಉಪಾಯ ಬಹಳ ಹಳೆಯದು. ಮೊದಲು ಪ್ರಾರ್ಥನೆಯ ಹೊತ್ತು ಗೊತ್ತುಮಾಡಿ, ಕೆಲಸವನ್ನು ಅದರ ನಡುವೆ ಹೊಂದಿಸಿಕೊಳ್ಳುವುದು. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ಮಠದ ನಿಯಮದ 43ನೇ ಅಧ್ಯಾಯ, ಪ್ರಾರ್ಥನೆಯ ಕರೆ ಕೇಳಿದ ಕೂಡಲೇ ಕೈಯಲ್ಲಿದ್ದುದನ್ನು ಬಿಟ್ಟು ಬರಬೇಕೆನ್ನುತ್ತದೆ. ಅದೇ ನಿಯಮದ 48ನೇ ಅಧ್ಯಾಯ ಸೋಮಾರಿತನವನ್ನು ಆತ್ಮದ ವೈರಿ ಎಂದು ಕರೆದು, ಕೈಕೆಲಸಕ್ಕೂ ಓದಿಗೂ ಬೇರೆ ಬೇರೆ ಗಂಟೆಗಳನ್ನು ಹಂಚಿಕೊಡುತ್ತದೆ.

ಹಾಗೆಂದು ಸಂಸಾರಸ್ಥರು ಮಠದ ವೇಳಾಪಟ್ಟಿಯನ್ನು ಮನೆಗೆ ಹೊತ್ತು ತರಬೇಕಿಲ್ಲ. ತಂದರೆ ಎರಡು ವಾರವೂ ನಿಲ್ಲದು. ಇಲ್ಲಿ ಹೇಳುತ್ತಿರುವ ಕ್ರಮಕ್ಕೆ ದಿನಕ್ಕೆ ಸುಮಾರು ಅರ್ಧ ಗಂಟೆ ಸಾಕು.

ಬೇಕಾದದ್ದು ಕಿಸೆಯಲ್ಲಿ ಹಿಡಿಯುವ ಪುಸ್ತಕ, ಪೆನ್ನು, ಅಂದಿನ ಶುಭಸಂದೇಶದ ವಾಚನ, ಅಂದರೆ ಯೇಸುಸ್ವಾಮಿಯ ಬದುಕನ್ನು ಹೇಳುವ ಬೈಬಲ್ ಭಾಗಗಳಿಂದ ಧರ್ಮಸಭೆ ಆ ದಿನಕ್ಕೆ ಗೊತ್ತುಮಾಡಿದ ಓದು. ವಾಚನ ಫೋನಿನಲ್ಲೂ ಸಿಗುತ್ತದೆ, ನಿಜ. ಆದರೆ ಅದನ್ನು ತೆರೆದ ಕೈ ರಾತ್ರಿ ಬಂದ ಸಂದೇಶಗಳನ್ನೂ ತೆರೆಯುತ್ತದೆ. ವಾಚನ ಯಾವುದೆಂದು ಹಿಂದಿನ ರಾತ್ರಿಯೇ ನೋಡಿ ಬೈಬಲ್ಲಿನಲ್ಲಿ ಗುರುತಿಟ್ಟರೆ ಬೆಳಿಗ್ಗೆ ಫೋನ್ ಮುಟ್ಟುವ ಅಗತ್ಯ ಬೀಳದು.

ಬೆಳಗಿನ 15 ನಿಮಿಷ

ಶಿಲುಬೆಯ ಗುರುತು ಹಾಕಿ, ಒಂದು ನಿಮಿಷದಲ್ಲಿ ದಿನವನ್ನು ದೇವರಿಗೆ ಅರ್ಪಿಸಿ. ಅಂದಿನ ಕೆಲಸ, ಪ್ರಾರ್ಥನೆ, ಸಂತೋಷ, ನೋವುಗಳನ್ನು ಬೆಳಿಗ್ಗೆಯೇ ಒಪ್ಪಿಸುವ ಈ ರೂಢಿ ವ್ಯಾಪಕವಾಗಿ ಹರಡಿದ್ದು 1844ರಲ್ಲಿ ಫ್ರಾನ್ಸಿನ ವಾಲ್ಸ್‌ನಲ್ಲಿ ಯೇಸುಸಭೆ (ಜೆಸ್ವಿಟ್) ಎಂಬ ಸನ್ಯಾಸಿ ಸಂಘದ ವಿದ್ಯಾರ್ಥಿಗಳ ನಡುವೆ ಹುಟ್ಟಿದ ಪ್ರಾರ್ಥನಾ ಬಳಗದಿಂದ. ಸಿದ್ಧ ಪ್ರಾರ್ಥನೆ ಬಾಯಿಗೆ ಬಾರದಿದ್ದರೆ ನಿಮ್ಮ ಮಾತಿನಲ್ಲೇ ಹೇಳಿ.

ಮುಂದಿನ 10 ನಿಮಿಷ ಶುಭಸಂದೇಶಕ್ಕೆ. ನಿಧಾನವಾಗಿ ಎರಡು ಸಲ ಓದಿ. ಎರಡನೇ ಸಲ ಎಲ್ಲಿ ಮನಸ್ಸು ತಡೆಯುತ್ತದೋ ಅಲ್ಲೇ ನಿಲ್ಲಿ, ಆ ಮಾತನ್ನು ಹಿಡಿದು ಯೇಸುಸ್ವಾಮಿಯೊಡನೆ ಮಾತಾಡಿ. ಪುಸ್ತಕದಲ್ಲಿ ಒಂದೇ ವಾಕ್ಯ ಬರೆಯಿರಿ. ಪುಟ ತುಂಬಿಸಲು ಹೊರಟರೆ ಪ್ರಾರ್ಥನೆ ಪ್ರಬಂಧವಾಗುತ್ತದೆ.

ಈ ಹತ್ತು ನಿಮಿಷದಲ್ಲಿ ಆಗುವ ತೊಂದರೆ ಎಲ್ಲರಿಗೂ ಒಂದೇ. ಕಟ್ಟಬೇಕಾದ ಬಿಲ್ಲು, ಮಾಡಬೇಕಾದ ಕರೆ ಆಗಲೇ ನೆನಪಾಗುತ್ತವೆ. ಮರೆತೀತೆಂಬ ಭಯವೇ ಅದನ್ನು ಮತ್ತೆ ಮತ್ತೆ ಮೇಲೆತ್ತುವುದು. ಪುಸ್ತಕದ ಕೊನೆಯ ಪುಟದಲ್ಲಿ ಒಂದು ಪದ ಗೀಚಿ ವಾಚನಕ್ಕೆ ಮರಳಿ. ಎರಡನೇ ಪದ ಬರೆದಿರೋ, ಪ್ರಾರ್ಥನೆ ಬಿಟ್ಟು ಯೋಜನೆಗೆ ಕೂತಿರೆಂದೇ ಲೆಕ್ಕ.

ಉಳಿದ ನಾಲ್ಕು ನಿಮಿಷದಲ್ಲಿ ಕೆಲಸದ ಪಟ್ಟಿ. ಮುಖ್ಯ ಕೆಲಸ ಮೂರಕ್ಕಿಂತ ಹೆಚ್ಚು ಬೇಡ. ಯಾವುದು ಮೊದಲು ಎಂಬುದಕ್ಕೆ ಅಳತೆಗೋಲು ಜೀವನಸ್ಥಿತಿಯ ಕರ್ತವ್ಯ. ತಂದೆ ಅಥವಾ ತಾಯಿ, ಮಗ ಅಥವಾ ಮಗಳು, ನೌಕರ, ಒಡೆಯ ಎಂಬ ಸ್ಥಾನದಿಂದಾಗಿ ಯಾರಾದರೂ ನಿಮಗಾಗಿ ಕಾಯುತ್ತಿರುವ ಕೆಲಸ ಮೇಲೆ ಬರಲಿ. ಅದರ ಕೆಳಗೆ ಕೊಟ್ಟ ಮಾತು, ಕೊನೆಗೆ ನಿಮಗೆ ಇಷ್ಟವಾದದ್ದು. ಧರ್ಮಕೇಂದ್ರದ (ಊರಿನ ಚರ್ಚಿನ) ಸೇವೆ ಎಂಬ ಹೆಸರಿದ್ದ ಮಾತ್ರಕ್ಕೆ ಒಂದು ಕೆಲಸ ಮನೆಯ ರೋಗಿಗಿಂತ ಮೇಲೇರುವುದಿಲ್ಲ. ಪಟ್ಟಿಯಲ್ಲಿ ಮಾಡಲು ಮನಸ್ಸೇ ಬಾರದ ಕೆಲಸದ ಪಕ್ಕದಲ್ಲಿ ಒಬ್ಬರ ಹೆಸರಿನ ಮೊದಲಕ್ಷರ ಬರೆಯಿರಿ. ಆ ಕೆಲಸದ ಕಷ್ಟವನ್ನು ಅವರಿಗಾಗಿ ಅರ್ಪಿಸಿದ್ದೀರಿ. ಮುಂದೂಡಲು ಕೈ ಹೋದಾಗ ಆ ಅಕ್ಷರ ಎದುರಿಗಿರುತ್ತದೆ.

ಮಧ್ಯಾಹ್ನದ ತ್ರಿಕಾಲ ಪ್ರಾರ್ಥನೆ

ದಿನಕ್ಕೆ ಮೂರು ಸಲ ಮರಿಯಮ್ಮನವರನ್ನು ನೆನೆದು ಹೇಳುವ ಈ ಕಿರುಪ್ರಾರ್ಥನೆಗೆ ವಾಡಿಕೆಯ ಹೊತ್ತು ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6. ಮೂರನ್ನೂ ಒಟ್ಟಿಗೆ ಹಿಡಿಯಲು ಹೋಗದೆ ನಡುವಿನದರಿಂದ ಶುರುಮಾಡಿ, ಏಕೆಂದರೆ ದಿನ ಕೈತಪ್ಪುವುದು ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ. ಮೂರು ಚಿಕ್ಕ ವಾಕ್ಯಜೋಡಿಗಳು, ಮೂರು ಸಲ ‘ನಮೋ ಮರಿಯ’ ಜಪ, ಕೊನೆಯ ಪ್ರಾರ್ಥನೆ, ಇಷ್ಟಕ್ಕೆ ಎರಡು ನಿಮಿಷ. ಪುನರುತ್ಥಾನದ ಭಾನುವಾರದಿಂದ (ಈಸ್ಟರ್) ಏಳು ವಾರದ ನಂತರದ ಪೆಂತೆಕೋಸ್ತ್ ಹಬ್ಬದವರೆಗೆ ಇದರ ಬದಲು ಮರಿಯಮ್ಮನವರದೇ ಆದ ‘ಸ್ವರ್ಗದ ರಾಣಿ’ ಪ್ರಾರ್ಥನೆ. ಹನ್ನೆರಡಕ್ಕೆ ಸಭೆಯಿದ್ದರೆ ಮುಗಿದ ಮೇಲೆ ಹೇಳಿ. ಇಂದು ತಪ್ಪಿದ್ದನ್ನು ನಾಳೆಗೆ ಸಾಲವಾಗಿ ಸೇರಿಸಬೇಡಿ, ಬಡ್ಡಿ ಬೆಳೆದು ಅಭ್ಯಾಸವೇ ನಿಲ್ಲುತ್ತದೆ.

ಒಂದೇ ದೋಷ, ಒಂದು ಚುಕ್ಕೆ

ಅಭ್ಯಾಸಗಳನ್ನು ಗುರುತು ಹಾಕಿ ಎಣಿಸುವ ಆ್ಯಪ್‌ಗಳು ಹೊಸ ಆವಿಷ್ಕಾರದಂತೆ ಕಾಣುತ್ತವೆ. 1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆ ಪಡೆದ ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಸ್ತಕದಲ್ಲಿ ಇದು ಆಗಲೇ ಇತ್ತು, ಅದೂ ಇನ್ನಷ್ಟು ಜಾಣತನದಿಂದ. ತಿದ್ದಿಕೊಳ್ಳಲು ಒಂದೇ ಒಂದು ದೋಷವನ್ನು ಆರಿಸಿಕೊಳ್ಳಬೇಕು. ಎದ್ದ ಕೂಡಲೇ ಅದರ ಬಗ್ಗೆ ಎಚ್ಚರದ ಸಂಕಲ್ಪ. ಮಧ್ಯಾಹ್ನದ ಊಟದ ನಂತರ ಒಮ್ಮೆ, ರಾತ್ರಿಯ ಊಟದ ನಂತರ ಒಮ್ಮೆ ಲೆಕ್ಕ. ವಾರದ ಪ್ರತಿ ದಿನಕ್ಕೂ ಎರಡು ಗೆರೆ. ಮೇಲಿನದರಲ್ಲಿ ಮಧ್ಯಾಹ್ನದವರೆಗೆ ಎಷ್ಟು ಸಲ ಬಿದ್ದಿರೋ ಅಷ್ಟು ಚುಕ್ಕೆ, ಕೆಳಗಿನದರಲ್ಲಿ ರಾತ್ರಿಯವರೆಗಿನದು. ಮೊದಲು ಎರಡು ಗೆರೆಗಳನ್ನು ಹೋಲಿಸುವುದು, ಆಮೇಲೆ ನಿನ್ನೆಗೆ ಇಂದನ್ನು, ಕಳೆದ ವಾರಕ್ಕೆ ಈ ವಾರವನ್ನು. ಬಿದ್ದ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟು ಪಶ್ಚಾತ್ತಾಪಪಡಬೇಕು, ಜನರ ನಡುವೆ ಇದ್ದರೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದು ಎಂದೂ ಅವರು ಸೇರಿಸುತ್ತಾರೆ. ಆ ಸನ್ನೆ ಇರದಿದ್ದರೆ ಮಧ್ಯಾಹ್ನದ ಲೆಕ್ಕ ಬರೀ ಅಂದಾಜು.

ಯಶಸ್ಸು ನಿಂತಿರುವುದು ದೋಷದ ಆಯ್ಕೆಯಲ್ಲಿ. ‘ಸೋಮಾರಿತನ’ ಎಂದು ಬರೆದರೆ ಎಣಿಸಲಾಗದು. ‘ಕಷ್ಟದ ಕೆಲಸ ಎದುರಾದಾಗ ಫೋನ್ ಎತ್ತುವುದು’ ಎಂದರೆ ಎಣಿಸಬಹುದು. ಏಳು ಮೂಲಪಾಪಗಳಲ್ಲಿ ಒಂದಾದ ಆಲಸ್ಯ ಹಾಸಿಗೆಯಲ್ಲೇ ಬಿದ್ದಿರುತ್ತದೆಂದು ತಿಳಿಯಬೇಡಿ. ಮುಖ್ಯ ಕೆಲಸ ಬಿಟ್ಟು ಮೇಜು ಜೋಡಿಸುವುದು, ಬೇಕಿಲ್ಲದ ಪತ್ರಗಳಿಗೆಲ್ಲ ಉತ್ತರ ಬರೆಯುವುದು, ದಿನವಿಡೀ ಓಡಾಡಿ ಸುಸ್ತಾಗುವುದೂ ಅದರ ವೇಷವೇ.

ಕನಿಷ್ಠ ನಾಲ್ಕು ವಾರ ಅದೇ ದೋಷದ ಮೇಲಿರಿ. ಮೊದಲ ವಾರ ಚುಕ್ಕೆಗಳು ಹೆಚ್ಚುವುದುಂಟು. ದೋಷ ಬೆಳೆದಿಲ್ಲ, ಇಷ್ಟು ದಿನ ಕಾಣದಿದ್ದದ್ದು ಈಗ ಕಾಣುತ್ತಿದೆ, ಅಷ್ಟೆ. ವಾರವಿಡೀ ಒಂದೂ ಚುಕ್ಕೆ ಬೀಳದಿದ್ದರೆ ಸಂತೋಷಪಡುವ ಮೊದಲು ಅನುಮಾನಪಡಿ. ಆರಿಸಿದ ದೋಷ ನಿಮ್ಮದಲ್ಲ, ಇಲ್ಲವೇ ನೋಡುವುದನ್ನು ಬಿಟ್ಟಿದ್ದೀರಿ. ಮಾಡಿದ್ದೆಲ್ಲ ಪಾಪವೇ ಎಂಬ ಅತಿಯಾದ ಅಂಜಿಕೆಯಿಂದ ನರಳುವವರಿಗೆ ಈ ಎಣಿಕೆ ಹಾನಿ ಮಾಡಬಲ್ಲದು. ಅಂಥವರು ತಮ್ಮ ಪಾಪನಿವೇದನೆ ಕೇಳುವ ಗುರುಗಳನ್ನು ವಿಚಾರಿಸದೆ ಇದಕ್ಕೆ ಕೈಹಾಕಬಾರದು.

ರಾತ್ರಿಯ 10 ನಿಮಿಷ

ಇಗ್ನೇಷಿಯಸ್ ಅವರ ಆತ್ಮಶೋಧನೆಗೆ ಐದು ಮೆಟ್ಟಿಲು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮೆ, ನಾಳೆಯ ಸಂಕಲ್ಪ. ಬಹಳ ಮಂದಿ ನೇರವಾಗಿ ಮೂರನೆಯದಕ್ಕೆ ಹಾರಿ ತಮ್ಮ ಮೇಲೆ ತಾವೇ ಮೊಕದ್ದಮೆ ಹೂಡಿಕೊಂಡು, ಕುಗ್ಗಿ ಮಲಗುತ್ತಾರೆ. ಮೊದಲ ಮೂರು ನಿಮಿಷ ಕೃತಜ್ಞತೆಗೇ ಮೀಸಲಿಡಿ, ಹೆಸರು ಹಿಡಿದು ನೆನೆಯಿರಿ. ಒಂದು ನಿಮಿಷ ಬೆಳಕಿಗಾಗಿ ಬೇಡಿ. ಅವಲೋಕನಕ್ಕೆ ನಾಲ್ಕು ನಿಮಿಷ, ಗಂಟೆಗಂಟೆಯಾಗಿ. ಉಳಿದೆರಡಕ್ಕೆ ಒಂದೊಂದು ನಿಮಿಷ. ಹಾಸಿಗೆಯಲ್ಲಿ ಮಾಡಿದರೆ ಎರಡನೇ ಮೆಟ್ಟಿಲಿನಲ್ಲೇ ನಿದ್ದೆ. ಕುರ್ಚಿಯಲ್ಲಿ ಕುಳಿತು, ಕಣ್ಣು ಎಳೆಯುವ ಮೊದಲೇ ಮುಗಿಸಿ.

ಪಟ್ಟಿಯಲ್ಲಿ ಉಳಿದ ಕೆಲಸವನ್ನೂ ಪಾಪವನ್ನೂ ಬೆರೆಸಬೇಡಿ. ಜ್ವರ ಬಂದ ಮಗುವಿನ ಪಕ್ಕ ಕುಳಿತು ಮೂರು ಕೆಲಸವೂ ಉಳಿದರೆ ಆ ದಿನ ಕೆಟ್ಟದ್ದಲ್ಲ. ಪಟ್ಟಿಯೆಲ್ಲ ಮುಗಿಸಿ, ಸಹೋದ್ಯೋಗಿಯನ್ನು ಹೀಯಾಳಿಸಿದ ದಿನಕ್ಕೆ ಮಾತ್ರ ಕ್ಷಮೆ ಬೇಕು. ಉಳಿದ ಕೆಲಸ ನಾಳೆಯ ಪುಟಕ್ಕೆ ಹೋಗಲಿ. ಸತತ ಮೂರು ದಿನ ಮುಂದಕ್ಕೆ ಹೋದದ್ದನ್ನು ತುಂಡು ಮಾಡಿ, ಇಲ್ಲವೇ ಅದು ನಿಮ್ಮ ಪಾಲಿನ ಕೆಲಸವಲ್ಲವೆಂದು ಒಪ್ಪಿ ಅಳಿಸಿ.

ಮಣಿ ಎಣಿಸುತ್ತ ಹೇಳುವ ಜಪಸರದ ಬಗ್ಗೆ ಒಂದು ಮಾತು. ಅದರ ಐದು ರಹಸ್ಯಗಳಿಗೆ (ಯೇಸು, ಮರಿಯಮ್ಮನವರ ಬದುಕಿನ ಘಟನೆಗಳನ್ನು ನೆನೆಯುವ ಭಾಗಗಳಿಗೆ) 15ರಿಂದ 20 ನಿಮಿಷ ಬೇಕು, ಒಂದಕ್ಕೆ ನಾಲ್ಕು. ನಡೆಯುವಾಗ, ಬಟ್ಟೆ ಮಡಚುವಾಗ ಚೆನ್ನಾಗಿ ಸಾಗುತ್ತದೆ. ಲೆಕ್ಕ ಬರೆಯುವಾಗ, ಇಮೇಲ್ ಓದುವಾಗ ಹೇಳಿದರೆ ಎರಡೂ ಕೆಡುತ್ತವೆ. ‘ಈ ವಾರ ಇಷ್ಟು ಜಪಸರ’ ಎಂಬ ಅಂಕಿಯನ್ನು ಪುಸ್ತಕಕ್ಕೆ ಸೇರಿಸದಿರುವುದೇ ವಾಸಿ.

ವಾರ, ತಿಂಗಳು

ಮುಂದಿನ ವಾರದ ಯೋಜನೆಯನ್ನು ಶನಿವಾರವೇ ಮುಗಿಸಿ. ಧರ್ಮಸಭೆಯ ಕಾನೂನಿನ 1247ನೇ ವಿಧಿ ಭಾನುವಾರದ ಬಲಿಪೂಜೆಯ (ಚರ್ಚಿನಲ್ಲಿ ನಡೆಯುವ ಮುಖ್ಯ ಪೂಜೆಯ) ಜೊತೆಗೆ, ಆರಾಧನೆಗೆ, ಆ ದಿನದ ಆನಂದಕ್ಕೆ, ಮನಸ್ಸು ಮೈಗಳ ವಿಶ್ರಾಂತಿಗೆ ಅಡ್ಡಿಯಾಗುವ ಕೆಲಸಗಳಿಂದ ದೂರವಿರುವುದನ್ನೂ ಕೇಳುತ್ತದೆ. ಭಾನುವಾರ ಪಾಳಿಯಿದ್ದವರಿಗೆ ಹಿಂದಿನ ಸಂಜೆಯ ಬಲಿಪೂಜೆಯೂ ಸಲ್ಲುತ್ತದೆ.

ಘೋರ ಪಾಪಗಳನ್ನು ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕೆಂಬುದು ಕಾನೂನು. ಆದರೆ ತಿಂಗಳಿಗೊಮ್ಮೆ ಹೋಗುವವರಿಗೆ ಚುಕ್ಕೆಗಳ ಲೆಕ್ಕ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹಿಂದಿನ ಸಂಜೆ ನಾಲ್ಕು ವಾರದ ಹಾಳೆ ನೋಡಿ, ಯಾವ ಹೊತ್ತಿನಲ್ಲಿ, ಯಾರ ಎದುರು, ಎಂಥ ದಣಿವಿನಲ್ಲಿ ಬೀಳುತ್ತೀರಿ ಎಂದು ಗುರುತಿಸಿ ಎರಡು ಸಾಲಿನಲ್ಲಿ ಬರೆದುಕೊಳ್ಳಿ. ಗುರುಗಳಿಗೆ ಬೇಕಾದದ್ದು ಅದು. ಹತ್ತರಲ್ಲಿ ಆರು ಕೆಲಸ ಮುಗಿಸಿದ ವರದಿಯಲ್ಲ.

ಆರೇಳು ವಾರಕ್ಕೆ ಉತ್ಸಾಹ ಇಳಿದು ಪ್ರಾರ್ಥನೆ ಒಣಗಿದಂತೆ ಅನಿಸಿದಾಗ ಎಲ್ಲರ ಮೊದಲ ಯೋಚನೆ ವೇಳಾಪಟ್ಟಿ ಬದಲಿಸುವುದು. ಮನಸ್ಸು ಬರಡಾದ ಹೊತ್ತಿನಲ್ಲಿ ಹಿಂದಿನ ನಿರ್ಧಾರವನ್ನು ಬದಲಿಸಬಾರದೆಂಬುದು ಇಗ್ನೇಷಿಯಸ್ ಅವರ ನಿಯಮ. ಅಂಥ ದಿನ ಗೊತ್ತುಮಾಡಿದ ಹೊತ್ತಿಗಿಂತ ತುಸು ಹೆಚ್ಚೇ ಕೂರಬೇಕೆನ್ನುತ್ತಾರೆ. ಹತ್ತು ನಿಮಿಷದ ಪ್ರಾರ್ಥನೆಯಿಂದ ಏಳನೇ ನಿಮಿಷಕ್ಕೇ ಏಳಬೇಕೆನಿಸಿದರೆ ಹನ್ನೊಂದಕ್ಕೆ ಏಳಿ. ಕಾಯಿಲೆ ಬಿದ್ದಾಗ ಮಾತ್ರ ಬೇರೆ ಲೆಕ್ಕ, ಶಿಲುಬೆಯ ಗುರುತು ಮತ್ತು ಬೆಳಗಿನ ಅರ್ಪಣೆ ಸಾಕು.

ಪಾಪನಿವೇದನೆ ಮುಗಿಸಿ ಬಂದ ದಿನ ಹಳೆಯ ಚುಕ್ಕೆಗಳ ಹಾಳೆಯನ್ನು ಹರಿದುಹಾಕಿ, ಹೊಸ ಪುಟದಲ್ಲಿ ಹದಿನಾಲ್ಕು ಗೆರೆ ಎಳೆಯಿರಿ.