ಮಣ್ಣುಜರಿಯ ಕಾಲೆಣಿಕೆ: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ಮಳೆ ಬಿಟ್ಟ ಮೇಲೆ ಬುಡ ಬಿಡಿಸಿ ಸೊಪ್ಪು ಹಾಕುವಾಗ, ದಾರದಷ್ಟು ಸಪೂರವಾದ ಹಳದಿ ಹುಳುವೊಂದು ಮಣ್ಣಿನಿಂದ ಹೊರಬೀಳುತ್ತದೆ. ಇದೇ ಮಣ್ಣುಜರಿ, ಮಣ್ಣಿನೊಳಗೆ ಬದುಕುವ ಒಂದು ಬಗೆಯ ಶತಪದಿ. ಕೆಲಸದವರು ಅದನ್ನು ಪಳುತಾರದ (ದೊಡ್ಡ ಶತಪದಿಯ) ಮರಿಯೆಂದು ಹಾರೆಯಿಂದ ಜಜ್ಜುತ್ತಿದ್ದರು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಆದರೆ ಮನೆಯೊಳಗೆ ಬಂದು ಕಚ್ಚುವ ದೊಡ್ಡ ಪಳುತಾರಕ್ಕೆ ಇರುವುದು 21 ಜೊತೆ ಕಾಲುಗಳು, ಮತ್ತು ಅದರ ಮರಿ ಅಷ್ಟೂ ಕಾಲುಗಳೊಂದಿಗೇ ಮೊಟ್ಟೆಯಿಂದ ಹೊರಬರುತ್ತದೆ. ಈ ಹುಳುವಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲುಗಳಿದ್ದುದರಿಂದ ಎಣಿಸಿಯೇ ನೋಡೋಣವೆಂದು ಕುಳಿತೆ.

ಮೊದಲು ಸಿಕ್ಕಿದ್ದನ್ನು ಚಿಮುಟದಿಂದ ಹಿಡಿದು ತುಂಡರಿಸಿಬಿಟ್ಟೆ. ಆಮೇಲಿನಿಂದ ಒದ್ದೆ ಮಾಡಿದ ಚಿತ್ರಕಲೆಯ ಕುಂಚದಿಂದ ಎತ್ತಿ, ಹಸಿಮಣ್ಣಿರುವ ಡಬ್ಬಿಗೆ ಹಾಕಿ, ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು (ದೋಸೆಹಿಟ್ಟಿನ ಪಕ್ಕ ಇಡಕೂಡದೆಂಬ ಮನೆಯವಳ ಷರತ್ತಿನೊಂದಿಗೆ) ಅದು ಮಂದವಾದಾಗ ಮೊಬೈಲಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿ ಚಿತ್ರ ತೆಗೆದೆ. ಎಣಿಕೆ ನಡೆದದ್ದು ಚಿತ್ರದ ಮೇಲೆ, ಪ್ರತಿ ಹತ್ತನೆಯ ಜೊತೆಗೊಂದು ಗುರುತು ಹಾಕಿ.

ಒಮ್ಮೆ 48 ಬಂತು, ಇನ್ನೊಮ್ಮೆ 50. ಎರಡೂ ತಪ್ಪೆಂದು ತಿಳಿಯಲು ಒಂದು ಸುಲಭ ದಾರಿಯಿದೆ: ಮಣ್ಣುಜರಿಗಳಲ್ಲಿ ಜಾತಿಗನುಸಾರ 27ರಿಂದ 191ರವರೆಗೆ ಕಾಲಿನ ಜೊತೆಗಳಿದ್ದರೂ ಸಂಖ್ಯೆ ಬೆಸವಾಗಿಯೇ ಇರುತ್ತದೆ. ಹಿಂದಕ್ಕೆ ಚಾಚಿದ, ಮೀಸೆಯಂತೆ ಕಾಣುವ ಕಡೆಯ ಜೊತೆಯನ್ನು ಮೊದಲ ಸಲ ಬಿಟ್ಟಿದ್ದೆ; ಎರಡನೆಯ ಸಲ ತಲೆಯ ಕೆಳಗಿನ ವಿಷದ ಕೊಂಡಿಗಳನ್ನೂ ಸೇರಿಸಿದ್ದೆ. ಅವು ಮೂಲತಃ ಮಾರ್ಪಟ್ಟ ಕಾಲುಗಳೇ ಆದರೂ ಲೆಕ್ಕಕ್ಕೆ ಬರುವುದಿಲ್ಲ. ಸರಿಯಾದ ಸಂಖ್ಯೆ 49.

ಆ ಸಂಖ್ಯೆ, ಅಗಲಕ್ಕಿಂತ ಉದ್ದ ಹೆಚ್ಚಿರುವ ಕೆಂಗಂದು ತಲೆ, ಕಣ್ಣಿಲ್ಲದಿರುವುದು, ಇವೆಲ್ಲವೂ 1843ರಲ್ಲಿ ಜಾರ್ಜ್ ನ್ಯೂಪೋರ್ಟ್ ಹೆಸರಿಸಿದ ಮೆಸಿಸ್ಟೋಸೆಫಾಲಸ್ ಕುಲಕ್ಕೆ ಹೊಂದುತ್ತವೆ. ಜಾತಿಯನ್ನು ನಿರ್ಧರಿಸಲು ಬಾಯಿಯ ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಚಿತ್ರವನ್ನಷ್ಟೇ ನಂಬಿ ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲದ್ದರಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಕುಲದ ಹೆಸರಷ್ಟೇ ಇದೆ.

ಒಂದು ಬುಡದಲ್ಲಿ, ಕೊಳೆತ ಅಡಿಕೆ ಹಾಳೆಯ ಅಡಿಯಲ್ಲಿ, ಮೊಟ್ಟೆಗಳ ಗೊಂಚಲನ್ನು ಸುತ್ತಿ ಮಲಗಿದ್ದ ತಾಯಿ ಸಿಕ್ಕಿತು. ಮೆಸಿಸ್ಟೋಸೆಫಾಲಸ್ ಸೇರಿರುವ ಕುಟುಂಬದ ತಾಯಿ ಹೊಟ್ಟೆಯ ಬದಿಯನ್ನು ಮೊಟ್ಟೆಗಳತ್ತ ಇಟ್ಟುಕೊಳ್ಳುತ್ತದೆ. ಉಳಿದ ಮಣ್ಣುಜರಿಗಳಲ್ಲಿ ಬೆನ್ನು ಒಳಗಿರುತ್ತದೆ. ಇಲ್ಲಿ ಕಾಲುಗಳೆಲ್ಲ ಒಳಮುಖವಾಗಿದ್ದವು. ಕೆದಕಿದರೆ ತಾಯಿಯೇ ಮೊಟ್ಟೆಗಳನ್ನು ತಿಂದುಬಿಡುವುದುಂಟು. ಆದ್ದರಿಂದ ಹಾಳೆಯನ್ನು ಹಾಗೆಯೇ ಮುಚ್ಚಿ, ಆ ವರ್ಷ ಆ ಒಂದು ಬುಡಕ್ಕೆ ಮಾತ್ರ ಗೊಬ್ಬರ ಹಾಕಿಸಲಿಲ್ಲ.