ಬೋರ್‌ವೆಲ್ ನೀರಿನ ಮನೆಯಲ್ಲಿ ವಾಷಿಂಗ್ ಮೆಷಿನ್

ಅಂಗಡಿಯಲ್ಲಿ ಎಷ್ಟು ಕಿಲೋ, ಎಷ್ಟು ಸ್ಟಾರ್ ಎಂದೆಲ್ಲ ಹೇಳುತ್ತಾರೆ. ಮನೆಗೆ ಬರುವ ನೀರು ಎಂಥದ್ದು ಎಂದು ಯಾರೂ ಕೇಳುವುದಿಲ್ಲ. ಮೊದಲು ನೋಡಬೇಕಾದದ್ದು ಅದನ್ನೇ ಎಂದು ನನಗನ್ನಿಸುತ್ತದೆ. ನಾವಿರುವುದು ಬೆಂಗಳೂರಿನ ಹೊರವಲಯದಲ್ಲಿ. ಕಾವೇರಿ ನೀರು ಇಲ್ಲ, ಬೋರ್‌ವೆಲ್ಲೇ ಗತಿ. ಬಕೆಟ್ ಒಣಗಿದರೆ ಒಳಗೆಲ್ಲ ಬಿಳಿ ಕಲೆ.

ಹಾಗಾಗಿ ಫ್ರಂಟ್ ಲೋಡ್ ಮೆಷಿನ್ ತರುವ ಮೊದಲೇ ನೀರನ್ನು ಲ್ಯಾಬಿಗೆ ಕೊಟ್ಟೆ. ಗಡಸುತನ ಲೀಟರಿಗೆ 450 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ 200 ಇರಲಿ ಎನ್ನುತ್ತದೆ, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಆಗಬಹುದು. ಮನೆಯಲ್ಲಿರುವ ಟಿಡಿಎಸ್ ಮೀಟರ್ ಇದನ್ನು ಹೇಳುವುದಿಲ್ಲ. ಅದು ಕರಗಿದ ಲವಣಗಳನ್ನೆಲ್ಲ ಒಟ್ಟಿಗೆ ತೋರಿಸುತ್ತದೆ. ನಮಗೆ ಬೇಕಾದದ್ದು ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ.

ಇವೆರಡು ಮಾಡುವ ಕೆಲಸ ನೋಡಿ. ಹಾಕಿದ ಡಿಟರ್ಜೆಂಟಿನಲ್ಲಿ ಒಂದು ಪಾಲನ್ನು ಮೊದಲೇ ಹಿಡಿದುಕೊಳ್ಳುತ್ತವೆ. ಉಳಿದದ್ದಷ್ಟೇ ಕೊಳೆಗೆ. ಅದಕ್ಕೇ ಬಿಳಿ ಪಂಚೆ, ಬನಿಯನ್ ಬರಬರುತ್ತಾ ಮಂಕಾಗುತ್ತವೆ. ನಾನು ಪ್ಯಾಕೆಟ್ ಮೇಲೆ ಗಡಸು ನೀರಿಗೆ ಹೇಳಿರುವ ಅಳತೆಯನ್ನೇ ಹಾಕುತ್ತೇನೆ. ಅದೂ ಫ್ರಂಟ್ ಲೋಡಿಗೆಂದೇ ಮಾಡಿದ ಕಡಿಮೆ ನೊರೆಯದ್ದು. ಬಿಳಿ ಬಟ್ಟೆಗೆ ಒಂದು ರಿನ್ಸ್ ಜಾಸ್ತಿ.

ದೊಡ್ಡ ಶತ್ರು ಹೀಟರ್ ಮೇಲೆ ಕಟ್ಟುವ ಪೊರೆ. ಗಡಸು ನೀರು ಬಿಸಿಯಾದಷ್ಟೂ ಸುಣ್ಣ ಬೇರೆಯಾಗಿ ಕೂರುತ್ತದೆ. ದಿನದ ಬಟ್ಟೆಗೆ ತಣ್ಣೀರೇ ಸಾಕು. ಹಾಸಿಗೆ ಬಟ್ಟೆ, ಟವೆಲ್‌ಗಳಿಗೆ ಮಾತ್ರ 60 ಡಿಗ್ರಿ ಇಡುತ್ತೇನೆ. ಕರೆಂಟೂ ಉಳಿಯುತ್ತದೆ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್‌ಗಿಂತ ಜಾಸ್ತಿ ಬೇಕು.

ಎರಡು ಮೂರು ತಿಂಗಳಿಗೊಮ್ಮೆ, ಬಟ್ಟೆ ಇಲ್ಲದ ಡ್ರಮ್ಮಿಗೆ ಸುಮಾರು 100 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಹಾಕಿ 60 ಡಿಗ್ರಿಯಲ್ಲಿ ಓಡಿಸುತ್ತೇನೆ. ಆಮೇಲೆ ಬರೀ ನೀರಲ್ಲಿ ಒಂದು ರಿನ್ಸ್. ನಿಮ್ಮ ಮೆಷಿನ್ನಿನ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ಇದರ ಜೊತೆ ಬ್ಲೀಚ್ ಮಾತ್ರ ಎಂದೂ ಸೇರಿಸಬೇಡಿ, ವಿಷದ ಕ್ಲೋರಿನ್ ಗ್ಯಾಸ್ ಏಳುತ್ತದೆ.

ಇನ್ನೊಂದು, ನೀರಿನ ಒತ್ತಡ. ಟ್ಯಾಂಕ್ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಸಿಗುತ್ತದೆ. ಟ್ಯಾಂಕಿನ ಕೆಳಗಿನ ಮಹಡಿಯಲ್ಲೇ ಮೆಷಿನ್ ಇಟ್ಟರೆ ನೀರು ತುಂಬಲು ಒದ್ದಾಡುತ್ತದೆ. ನಮ್ಮದು ಕೆಳಗೆ, ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿದೆ. ಬೋರ್‌ವೆಲ್ ಮರಳು ಬರುವುದರಿಂದ ನೀರಿನ ಪೈಪಿನ ಜಾಲರಿಯನ್ನು ಬಿಚ್ಚಿ ತೊಳೆಯುತ್ತಿರಬೇಕು. ಒಗೆದ ಮೇಲೆ ಬಾಗಿಲಿನ ರಬ್ಬರ್ ಒರೆಸಿ ಬಾಗಿಲು ತೆರೆದಿಟ್ಟರೆ ವಾಸನೆ ಬರುವುದಿಲ್ಲ.

ನಲ್ಲಿಗೆ ಸಿಕ್ಕಿಸುವ ಚಿಕ್ಕ ಫಿಲ್ಟರ್‌ಗಳಲ್ಲಿ ಪಾಲಿಫಾಸ್ಫೇಟ್ ಇರುವಂಥವು ಪೊರೆ ಅಂಟದಂತೆ ನೋಡಿಕೊಳ್ಳುತ್ತವೆ, ಗಡಸುತನ ತೆಗೆಯುವುದಿಲ್ಲ. ಉಪ್ಪು ಹಾಕುವ ಸಾಫ್ಟ್‌ನರ್ ತೆಗೆಯುತ್ತದೆ. ಆದರೆ ಅದು ಹೊರಬಿಡುವ ಉಪ್ಪುನೀರು ಮಣ್ಣಿಗೆ ಒಳ್ಳೆಯದಲ್ಲ, ನಮ್ಮ ಮೋರಿ ಹೋಗುವುದೋ ಹಿತ್ತಿಲಿನ ಬಾಳೆಗಿಡದ ಕಡೆಗೆ. ಅದಕ್ಕೇ ಹಾಕಿಸಲಿಲ್ಲ. ಬದಲಿಗೆ ಛಾವಣಿಯ ಮಳೆನೀರನ್ನು ಸೋಸಿ ಬೇರೆ ಸಂಪಿಗೆ ತುಂಬಿಸಿಕೊಂಡಿದ್ದೇವೆ. ಆ ನೀರಿನಲ್ಲಿ ಗಡಸುತನ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ಮೆಷಿನ್ನಿಗೆ ಅದನ್ನೇ ಬಿಡುತ್ತೇವೆ, ಡಿಟರ್ಜೆಂಟ್ ಅರ್ಧಕ್ಕೆ ಇಳಿಸುತ್ತೇನೆ.