ಜೇನಿನ ಪರಾಗದಿಂದ ಕಿಣ್ವ ತಡೆಯುವ ಅಂಶ ಬೇರ್ಪಡಿಸುವುದು: ಹಳದಿಗೆ ಮೋಸ ಹೋಗಬೇಡಿ

ಮಳೆ ಹಿಡಿಯುವ ಮೊದಲೇ ಪರಾಗ ತಂದುಕೊಳ್ಳಿ. ಮೇ ಕೊನೆಯಲ್ಲಿ ಸುಳ್ಯದ ಕಡೆಯಿಂದ ತುಡುವೆ ಜೇನಿನ ಪರಾಗದುಂಡೆ ತಂದು, ಸುಮ್ನೆ ಡಬ್ಬಿಯಲ್ಲಿಟ್ಟೆ. ಮಂಗಳೂರಿನ ತೇವಕ್ಕೆ ವಾರದೊಳಗೆ ಬೂಷ್ಟು ಬಂತು. ಈಗ 40 ಡಿಗ್ರಿ ದಾಟದಂತೆ ಒಣಗಿಸಿ ಫ್ರೀಜರ್‌ಗೆ ಹಾಕುತ್ತೇನೆ.

100 ಗ್ರಾಂ ಪುಡಿ ಮಾಡಿ, ಮೊದಲು ಹೆಕ್ಸೇನ್ ಎಂಬ ದ್ರಾವಕದಲ್ಲಿ ಕೊಬ್ಬು ತೆಗೆಯಿರಿ. ಆಮೇಲೆ 70 ಪರ್ಸೆಂಟ್ ಎಥನಾಲ್ 1 ಲೀಟರ್ ಹಾಕಿ ರಾತ್ರಿಯಿಡೀ ಅಲುಗಾಡಿಸಿ ಸೋಸಿ. ಮೂರು ಸಲ. ಎಥನಾಲ್ ಹಾರಿಸಿದ ಮೇಲೆ ಉಳಿಯುವುದು ಬೆಲ್ಲದ ಪಾಕದಂಥ ಅಂಟು, ಎಷ್ಟು ಹೊತ್ತಾದರೂ ಒಣಗುವುದಿಲ್ಲ. ಜೇನ್ನೊಣ ಉಂಡೆ ಕಟ್ಟುವಾಗ ಮಕರಂದ ಸೇರಿಸಿರುತ್ತದೆ ಅಲ್ವಾ, ಆ ಸಕ್ಕರೆ. ನೀರಿನಲ್ಲಿ ಕರಗಿಸಿ, ಮೊದಲು ಈಥೈಲ್ ಅಸಿಟೇಟ್, ಆಮೇಲೆ ಬ್ಯುಟನಾಲ್ ಜೊತೆ ಕುಲುಕಿ. ಸಕ್ಕರೆ ನೀರಲ್ಲೇ ಉಳಿಯುತ್ತದೆ, ಎರಡು ದ್ರಾವಕಗಳ ಭಾಗಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ.

ಇನ್ನು ಪರೀಕ್ಷೆ. ನಾವು ತಡೆಯಬೇಕಾದದ್ದು ಆಲ್ಫಾ-ಗ್ಲುಕೋಸಿಡೇಸ್, ಅಂದರೆ ಪಿಷ್ಟ-ಸಕ್ಕರೆಯನ್ನು ಗ್ಲೂಕೋಸ್ ಆಗಿ ಒಡೆಯುವ ಕಿಣ್ವ; ಅದನ್ನು ತಡೆದರೆ ಊಟದ ಮೇಲೆ ರಕ್ತದ ಸಕ್ಕರೆ ನಿಧಾನ ಏರುತ್ತದೆ. ಬೇಕಾದದ್ದು ಈ ಕಿಣ್ವ, ಪಿಎಚ್ 6.8ರ ಫಾಸ್ಫೇಟ್ ಬಫರ್, 37 ಡಿಗ್ರಿ. ಪಿಎನ್‌ಪಿಜಿ (ಒಡೆದಾಗ ಬಣ್ಣ ಬಿಡುವ ಕೃತಕ ಸಕ್ಕರೆ ಸಂಯುಕ್ತ) ಹಾಕಿದರೆ ಕಿಣ್ವ ಅದನ್ನು ಒಡೆದು ಹಳದಿ ಬಣ್ಣ ಬಿಡುತ್ತದೆ. ಸೋಡಿಯಂ ಕಾರ್ಬೊನೇಟ್‌ನಿಂದ ನಿಲ್ಲಿಸಿ 405 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಹಳದಿ ಕಡಿಮೆಯಾದಷ್ಟೂ ತಡೆ ಜಾಸ್ತಿ.

ನಾನು ಎಡವಿದ್ದು ಇಲ್ಲೇ. ಪರಾಗದ ಸಾರವೇ ಹಳದಿ! ಈಥೈಲ್ ಅಸಿಟೇಟ್ ಭಾಗದ ರೀಡಿಂಗ್ ಜಾಸ್ತಿ ಬಂತು, 'ಇದರಲ್ಲಿ ಏನೂ ಇಲ್ಲ' ಅಂತ ಸಿಂಕಿಗೆ ಹೊಯ್ಯಲು ಹೊರಟಿದ್ದೆ. ಕಿಣ್ವ ಹಾಕದೆ ಸಾರವನ್ನಷ್ಟೇ ಅಳೆದು ಕಳೆದ ಮೇಲೆ ನೋಡಿದರೆ, ಎಲ್ಲದರಲ್ಲೂ ಜೋರು ಅದೇ. ಪ್ರತಿ ಸಾಂದ್ರತೆಗೂ ಈ ಬ್ಲ್ಯಾಂಕ್ ಬೇಕು.

ಹೋಲಿಕೆಗೆ ಅಕಾರ್ಬೋಸ್ ಇಡಿ, ಇದೇ ಕಿಣ್ವವನ್ನು ತಡೆಯುವ ಸಕ್ಕರೆ ಕಾಯಿಲೆ ಮಾತ್ರೆ. ಆದರೆ ಲ್ಯಾಬಿನಲ್ಲಿ ಸಾಮಾನ್ಯವಾಗಿ ಬಳಸುವ ಯೀಸ್ಟ್‌ನ ಕಿಣ್ವದ ಮೇಲೆ ಅದು ಸಪ್ಪೆ. ಹಾಗಾಗಿ 'ನಮ್ಮ ಪರಾಗ ಸಕ್ಕರೆ ಕಾಯಿಲೆ ಮಾತ್ರೆಯನ್ನೇ ಮೀರಿಸಿತು' ಅಂತ ಬೀಗಬೇಡಿ.

ಗೆದ್ದ ಭಾಗ ಮಾತ್ರ ಸೆಫಡೆಕ್ಸ್ ಎಲ್‌ಎಚ್-20 (ಅಂಶಗಳನ್ನು ಬೇರ್ಪಡಿಸುವ ಜೆಲ್ ಮಣಿ) ತುಂಬಿದ ಕಾಲಮ್‌ಗೆ, ಮೆಥನಾಲ್ ಜೊತೆ. ನಿಧಾನವಾಗಿ ತೊಟ್ಟಿಕ್ಕಲಿ, ಕರೆಂಟ್ ಹೋದರೂ ನಡೆಯುವ ಕೆಲಸ ಇದೊಂದೇ. ಸಾಮಾನ್ಯವಾಗಿ ಸಕ್ಕರೆ ಅಂಟಿದ ಫ್ಲೇವನಾಯ್ಡ್‌ಗಳು (ಸಸ್ಯಗಳಲ್ಲಿರುವ ಸಂಯುಕ್ತಗಳು) ಮೊದಲು, ಸಕ್ಕರೆ ಇಲ್ಲದವು ಆಮೇಲೆ ಇಳಿಯುತ್ತವೆ. ಟಿಎಲ್‌ಸಿಯಲ್ಲಿ (ತೆಳು ಪದರದ ಫಲಕದ ಮೇಲೆ ಅಂಶಗಳನ್ನು ಬೇರ್ಪಡಿಸಿ ನೋಡುವ ವಿಧಾನ) ಒಂದೇ ಥರ ಕಾಣುವ ಟ್ಯೂಬುಗಳನ್ನು ಕೂಡಿಸಿ, ಮತ್ತೆ ಪರೀಕ್ಷಿಸಿ.

ಕೊನೆಯಲ್ಲಿ ಬಫರ್‌ಗೆ 0.01 ಪರ್ಸೆಂಟ್ ಟ್ರೈಟಾನ್ ಎಕ್ಸ್-100 (ಸೋಪಿನಂಥ ಡಿಟರ್ಜೆಂಟ್) ಹಾಕಿ ಇನ್ನೊಮ್ಮೆ ನೋಡಿ. ಕೆಲವು ಅಂಶಗಳು ಮುದ್ದೆಗಟ್ಟಿ ಕಿಣ್ವವನ್ನು ಅಂಟಿಸಿಕೊಳ್ಳುತ್ತವೆ, ಅದು ನಿಜವಾದ ತಡೆ ಅಲ್ಲ. ಸೋಪಿಗೆ ಮುದ್ದೆ ಬಿಡುತ್ತದೆ. ಕಾಲಮ್‌ನಿಂದ ನನಗೆ ಸಿಕ್ಕ ಮೂರು ಭಾಗಗಳಲ್ಲಿ ಒಂದು ಇಲ್ಲೇ ಬಿದ್ದುಹೋಯಿತು. ಉಳಿದೆರಡು ಎಚ್‌ಪಿಎಲ್‌ಸಿಗೆ, ಅಂದರೆ ಅಂಶಗಳನ್ನು ಇನ್ನೂ ಚೆನ್ನಾಗಿ ಬೇರ್ಪಡಿಸುವ ಯಂತ್ರಕ್ಕೆ, ಹೋದವು.